ಪ್ರೇಮವೂ ಸಂಶಯವೂ ಒಬ್ಬನ ಮೇಲೇ ಮೂಡಿದಾಗ: ಮೂರು ಕಾದಂಬರಿಗಳ ಹೋಲಿಕೆ

ಸರಣಿಗೆ ಸೇರದೆ ಒಂದೇ ಪುಸ್ತಕದಲ್ಲಿ ಮುಗಿಯುವ ಲಘು ಪತ್ತೇದಾರಿ ಪ್ರೇಮಕಾದಂಬರಿಗೆ ಒಂದು ದೊಡ್ಡ ಅನುಕೂಲವಿದೆ. ಮುಂದಿನ ಪುಸ್ತಕಕ್ಕಾಗಿ ಯಾರನ್ನೂ ಉಳಿಸಿಕೊಳ್ಳಬೇಕಾದ ಹಂಗು ಲೇಖಕರಿಗೆ ಇಲ್ಲದಿರುವುದರಿಂದ, ನಾಯಕಿ ಮನಸೋತವನನ್ನೂ ಸೇರಿಸಿ ಯಾರು ಬೇಕಾದರೂ ಅಪರಾಧಿಯಾಗಿರಬಹುದು. ಈ ಅನುಕೂಲ ಎಲ್ಲಿ ಹೆಚ್ಚು ಫಲಿಸಿದೆ ಎಂದು ನೋಡುವುದಕ್ಕಾಗಿ ಅಗಾಥಾ ಕ್ರಿಸ್ಟಿಯವರ ‘ದ ಮ್ಯಾನ್ ಇನ್ ದ ಬ್ರೌನ್ ಸೂಟ್’ (1924), ಮೇರಿ ಸ್ಟೀವರ್ಟ್ ಅವರ ‘ನೈನ್ ಕೋಚಸ್ ವೇಟಿಂಗ್’ (1958) ಮತ್ತು ‘ದ ಮೂನ್‌ಸ್ಪಿನ್ನರ್ಸ್’ (1962) ಕಾದಂಬರಿಗಳನ್ನು ಒಂದರ ಬೆನ್ನಿಗೆ ಒಂದು ಓದಿದೆ.

ಲವಲವಿಕೆಯಲ್ಲಿ ಕ್ರಿಸ್ಟಿಯವರದೇ ಮೇಲುಗೈ. ಲಂಡನ್ನಿನ ಸುರಂಗ ರೈಲು ನಿಲ್ದಾಣದಲ್ಲಿ ಸತ್ತವನ ಬಟ್ಟೆಯಿಂದ ಬರುತ್ತಿದ್ದ ನುಸಿಗುಳಿಗೆಯ ವಾಸನೆಯೇ, ಹೆಣವನ್ನು ಪರೀಕ್ಷಿಸಿದ ‘ವೈದ್ಯ’ನ ಕೈಯಿಂದ ಬಿದ್ದ ಚೀಟಿಯಲ್ಲಿಯೂ ಇರುವುದನ್ನು ಗಮನಿಸುವ ಆನ್, ಆ ಎಳೆಯನ್ನು ಹಿಡಿದು ದಕ್ಷಿಣ ಆಫ್ರಿಕದ ಹಡಗನ್ನೇರುತ್ತಾಳೆ. ಆದರೆ ಕೊಲೆಯ ಆರೋಪ ಹೊತ್ತವನನ್ನು ಪ್ರೀತಿಸಿದರೂ ಅವಳ ನಂಬಿಕೆ ಹೆಚ್ಚು ಅಲುಗಾಡುವುದಿಲ್ಲ. ಅದಲ್ಲದೆ ಇಲ್ಲಿ ಮೊದಲು ಕಾಣಿಸಿಕೊಂಡ ಕರ್ನಲ್ ರೇಸ್ ಕ್ರಿಸ್ಟಿಯವರ ಮುಂದಿನ ಕೃತಿಗಳಲ್ಲಿ ಮರಳಿ ಬರುವುದರಿಂದ, ಅವನ್ನು ಓದಿದವರು ಅವನನ್ನು ಶಂಕಿತರ ಪಟ್ಟಿಯಿಂದ ಮೊದಲೇ ಕೈಬಿಡುತ್ತಾರೆ.

‘ನೈನ್ ಕೋಚಸ್ ವೇಟಿಂಗ್’ ನನ್ನನ್ನು ಹಿಡಿದಿಟ್ಟ ಬಗೆಯೇ ಬೇರೆ. ಫ್ರಾನ್ಸಿನ ಆಲ್ಪ್ಸ್ ತಪ್ಪಲಿನ ವಾಲ್ಮಿ ಬಂಗಲೆಗೆ ಒಂಬತ್ತು ವರ್ಷದ ಫಿಲಿಪ್ಪನ ಶಿಕ್ಷಕಿಯಾಗಿ ಬರುವ ಲಿಂಡಾ, ಕೆಲಸ ತಪ್ಪೀತೆಂದು ತನಗೆ ಫ್ರೆಂಚ್ ಬರುವುದನ್ನು ಬಚ್ಚಿಡುತ್ತಾಳೆ. ಆಸ್ತಿಯ ಒಡೆಯನು ಆ ಹುಡುಗನೇ. ಅವನಿಲ್ಲವಾದರೆ ಅದು ಚಿಕ್ಕಪ್ಪ ಲಿಯೋನನಿಗೂ, ಅವನ ಬಳಿಕ ಅವನ ಮಗ ರೌಲನಿಗೂ ಸೇರಬೇಕಾದದ್ದು. ಕಾಡಿನ ದಾರಿಯಲ್ಲಿ ಗುಂಡೊಂದು ಹುಡುಗನ ಪಕ್ಕದಲ್ಲೇ ಹಾದುಹೋಗುವಾಗ, ಲಿಂಡಾ ಮನಸೋತಿರುವುದು ಇದೇ ರೌಲನಿಗೆ. ಹೀಗಾಗಿ ಅವನು ಒಳ್ಳೆಯವನೇ ಎಂಬ ಪ್ರಶ್ನೆಯೂ ಮಗುವಿಗೆ ಕೇಡು ಬಗೆಯುತ್ತಿರುವವರು ಯಾರು ಎಂಬ ಪ್ರಶ್ನೆಯೂ ಒಂದೇ ಆಗಿಬಿಡುತ್ತವೆ. ಅವನು ಪ್ರೀತಿಯಿಂದ ಆಡಿದ ಮಾತನ್ನು ಓದುವಾಗಲೂ ಎದೆ ಹಗುರವಾಗುವುದಿಲ್ಲ. ಆರಂಭದ ಪುಟಗಳು ನಿಧಾನವೆನಿಸಬಹುದು, ಆದರೆ ಬಂಗಲೆಯ ಮೂಲೆಮೂಲೆಯ ಪರಿಚಯವಿಲ್ಲದೆ ಮುಂದಿನ ಭಯ ಹುಟ್ಟುತ್ತಿರಲಿಲ್ಲ.

‘ದ ಮೂನ್‌ಸ್ಪಿನ್ನರ್ಸ್’ನಲ್ಲಿ ಕ್ರೀಟ್ ದ್ವೀಪದ ಬೆಟ್ಟಗಳ ವರ್ಣನೆ ಮೂರರಲ್ಲೂ ಚೆಲುವಾದದ್ದು. ಗಾಯಗೊಂಡ ಮಾರ್ಕ್ ಬಗ್ಗೆ ನಿಕೋಲಾಳಿಗೆ ಬೇಗನೆ ವಿಶ್ವಾಸ ಮೂಡುವುದರಿಂದ ಅಪಾಯವೆಲ್ಲ ಹೊರಗಿನವರದೇ ಆಗಿ, ಪ್ರೇಮಕ್ಕೆ ಯಾವ ಪರೀಕ್ಷೆಯೂ ಎದುರಾಗುವುದಿಲ್ಲ. ದಣಿದ ದಿನ ಓದಲು ನಾನು ಆರಿಸುವುದು ಇದನ್ನೇ. ಮತ್ತೊಮ್ಮೆ ಓದಬೇಕೆನಿಸುವುದು ಮಾತ್ರ ವಾಲ್ಮಿಯ ಕಥೆಯನ್ನು, ಏಕೆಂದರೆ ಗುಟ್ಟು ತಿಳಿದ ಮೇಲೆ ರೌಲನ ಒಂದೊಂದು ಮಾತಿಗೂ ಬೇರೆಯೇ ಅರ್ಥ ಕಾಣುತ್ತದೆ.