15 ಆಂಪ್ ಪೋರ್ಟಬಲ್ ಇವಿ ಚಾರ್ಜರ್: ಮಂಗಳೂರಿನ ಮನೆಗಳಿಗೆ ಹೊಂದುತ್ತದೆಯೇ?

ಎಲೆಕ್ಟ್ರಿಕ್ ಕಾರಿನ (ಇವಿ) ಜೊತೆ ಬರುವ ಈ 3.3 ಕಿಲೋವ್ಯಾಟ್ ಚಾರ್ಜರ್ ಒಳ್ಳೆಯದೇ. ತಕರಾರು ಬರುವುದು ಹೆಚ್ಚಾಗಿ ಮನೆಯ ವೈರಿಂಗ್‌ನಿಂದ. ಕೆಂಪು ದೀಪ ಹತ್ತಿ ಚಾರ್ಜಿಂಗ್ ಶುರುವಾಗದಿದ್ದರೆ ಮೊದಲು ಅರ್ಥಿಂಗ್ ನೋಡಿಸಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ 5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅನುಮಾನ ಅಲ್ಲೇ. ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ಸರಿಯಿರುತ್ತದೆ, ಏಪ್ರಿಲ್-ಮೇ ಬಂತೆಂದರೆ ಒಣಗಿ ಕೈಕೊಡುತ್ತದೆ. ಅರ್ಥಿಂಗ್ ಗುಂಡಿಗೆ ನೀರು ಹೊಯ್ಯುವುದು ತಾತ್ಕಾಲಿಕ. ಹೊಸ ಎಲೆಕ್ಟ್ರೋಡ್ (ನೆಲಕ್ಕಿಳಿಸುವ ಅರ್ಥಿಂಗ್ ಸರಳು) ಹಾಕಿಸಿ, ಅರ್ಥಿಂಗ್‌ನ ರೋಧವನ್ನು 5 ಓಮ್‌ಗಿಂತ ಕೆಳಗೆ ತರಿಸಿ. ಅರ್ಥ್ ಪಿನ್ನಿಗೆ ನ್ಯೂಟ್ರಲ್ ಸೇರಿಸಿ ದೀಪ ಹಸಿರು ಮಾಡಿಕೊಡುವವರನ್ನು ದಯವಿಟ್ಟು ತಡೆಯಿರಿ: ನ್ಯೂಟ್ರಲ್ ಕಡಿದರೆ ಕಾರಿನ ಬಾಡಿಗೇ ಕರೆಂಟ್ ಬರುತ್ತದೆ, ಜೀವ ಹೋಗಬಹುದು.

ಒಂದು ಗಂಟೆ ಚಾರ್ಜ್ ಆಗಿ ನಿಂತುಹೋದರೆ ಸ್ವಿಚ್ ಆರಿಸಿ ಪ್ಲಗ್ ಪರೀಕ್ಷಿಸಿ. ಗಂಟೆಗಟ್ಟಲೆ 14-15 ಆಂಪ್ ಎಳೆಯುವಾಗ ಸಡಿಲ ಸಾಕೆಟ್ ಕಂದಿ, ಕರಗುತ್ತದೆ. ಸುರತ್ಕಲ್, ಮಲ್ಪೆ ಕಡೆ ಉಪ್ಪುಗಾಳಿಗೆ ಹಿತ್ತಾಳೆ ಪಿನ್ ಹಸಿರುಗಟ್ಟುವುದೂ ಉಂಟು. ಮೀಟರ್‌ ಬೋರ್ಡ್‌ನಿಂದ ಪ್ರತ್ಯೇಕ 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪ್ ಎಂಸಿಬಿ (ಓವರ್‌ಲೋಡ್ ಆದರೆ ಕರೆಂಟ್ ಕಡಿಯುವ ಸ್ವಿಚ್), 30 ಮಿಲಿಆಂಪ್ ಟೈಪ್ ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಗಟ್ಟಿಮುಟ್ಟಾದ 16 ಆಂಪ್ ಸಾಕೆಟ್ ಇಷ್ಟು ಬೇಕೇ ಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಖಂಡಿತ ಬೇಡ.

ದೊಡ್ಡ ಕೊರತೆಯೆಂದರೆ ಚಾರ್ಜರ್ ಕೇಬಲ್‌ನಲ್ಲಿರುವ ಕಂಟ್ರೋಲ್ ಬಾಕ್ಸ್‌ನ ಭಾರವೆಲ್ಲ ಪ್ಲಗ್ಗಿನ ಮೇಲೆ ಬೀಳುವುದು. ಗೋಡೆಗೊಂದು ಕೊಕ್ಕೆ ಹೊಡೆದು ತೂಗುಹಾಕಿ.