ಬೇಕಲದ ಎದುರು ಎಂಜಿನ್ ನಿಂತಾಗ: ನಾವು ಹಿಡಿದು ನೋಡಿದ ನಾಲ್ಕು ದಾರಿ

ನಮ್ಮದು 18 ಅಡಿಯ ಫೈಬರ್ ಹಾಯಿದೋಣಿ. ಹಿಂದೆ ಒಂದು ಚಿಕ್ಕ ಔಟ್‌ಬೋರ್ಡ್ ಎಂಜಿನ್ ಇದೆ. ಕಾಸರಗೋಡಿನ ಚಂದ್ರಗಿರಿ ಅಳಿವೆಯಿಂದ ಬೆಳಿಗ್ಗೆ ಹೊರಟು, ಬೇಕಲ ಕೋಟೆಯ ಎದುರಿನವರೆಗೆ ಹಾಯಿಯಲ್ಲೇ ಹೋಗಿ, ಸಂಜೆಯೊಳಗೆ ಎಂಜಿನ್‌ನಲ್ಲಿ ಮರಳುವುದು ನನ್ನ ಮತ್ತು ಭಾವನ ಮಾಮೂಲಿ ಪ್ಲಾನ್. ಮೂರು ವರ್ಷದಲ್ಲಿ ನಾಲ್ಕು ಸಲ ಅದು ಕೆಟ್ಟಿದೆ. ನಾಲ್ಕೂ ಸಲ ಎಂಜಿನ್ ಕೈಕೊಟ್ಟದ್ದು ಬೇಕಲ, ಕೋಟಿಕುಳಂ ಎದುರಿನಲ್ಲೇ. ಮರಳಲು ಸ್ಟಾರ್ಟ್ ಮಾಡುವುದು ಅಲ್ಲೇ ಅಲ್ವಾ!

ನಮ್ಮ ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಜೋರಾಗಿ ಬರುತ್ತದೆ. ಅಂದರೆ ಸಂಜೆ ಬಡಗು ದಿಕ್ಕಿಗೆ, ಮನೆ ಕಡೆಗೆ ಹೋಗುವುದು ಗಾಳಿಗೆ ಎದುರು. ಅದೇ ಗಾಳಿ ನಿಧಾನವಾಗಿ ದೋಣಿಯನ್ನು ದಡಕ್ಕೂ ತಳ್ಳುತ್ತದೆ.

ಮೊದಲ ಸಲ ಹಟ ಹಿಡಿದೆವು. ಹಾಯಿ ಏರಿಸಿ, ಗಾಳಿಗೆ ಅಡ್ಡಡ್ಡ, ಅಂಕುಡೊಂಕಾಗಿ ಓಡಿಸುತ್ತಾ ಮನೆಗೇ ಹೊರಟೆವು. ಬೇಕಲದಿಂದ ಚಂದ್ರಗಿರಿ ಅಳಿವೆಗೆ ನೇರ ಲೆಕ್ಕದಲ್ಲಿ ಸುಮಾರು 5 ನಾಟಿಕಲ್ ಮೈಲು (ಒಂದು ನಾಟಿಕಲ್ ಮೈಲು ಅಂದರೆ 1.85 ಕಿ.ಮೀ.). ಅಡ್ಡಡ್ಡ ಓಡಿದರೆ ಏಳೆಂಟು ಆಗುತ್ತದೆ. ಗಿಡ್ಡ ಅಲೆಗಳು ಮೂತಿಗೆ ಬಡಿದು ಪ್ರತಿ ಸಲ ವೇಗ ಮುರಿಯುತ್ತಿದ್ದವು. ಅಳಿವೆ ತಲುಪುವಾಗ ಕತ್ತಲೆ. ನದಿ ಇಳಿತದಲ್ಲಿತ್ತು. ಹೊರಗೆ ಹರಿಯುವ ನೀರಿಗೆ ಕಡಲ ಅಲೆ ಎದುರಾಗಿ ಬಾಯಿಯಲ್ಲೇ ಒಡೆಯುತ್ತಿತ್ತು. ಎಂಜಿನ್ ಇಲ್ಲದೆ ಒಳಗೆ ಹೋದೆವು, ಏನೂ ಆಗಲಿಲ್ಲ. ಆದರೂ ಆ ಹತ್ತು ನಿಮಿಷ ಇನ್ನೊಮ್ಮೆ ಬೇಡ. ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಎರಡನೇ ಸಲ ಮೀನಿನ ದೋಣಿಯವರು ಎಳೆದು ತಂದರು. ಬೇಗ ಆಗುತ್ತದೆ, ನಿಜ. ಆದರೆ ಅವರ ದೋಣಿಯ ಓಟಕ್ಕೆ ನಮ್ಮದು ಮಾಡಿದ್ದಲ್ಲ. ನಾವು ಹಗ್ಗವನ್ನು ಮುಂದಿನ ಕ್ಲೀಟಿಗೆ (ಹಗ್ಗ ಸುತ್ತುವ ಕೊಂಬಿನಂಥ ಹಿಡಿಗೆ) ಸುತ್ತಿದ್ದೆವು, ಅದು ಸ್ಕ್ರೂ ಸಮೇತ ಅಲ್ಲಾಡತೊಡಗಿತು. ಅವರೇ ನಿಲ್ಲಿಸಿ, "ಬಳ್ಳಿ ಕಂಬದ ಬುಡಕ್ಕೆ ಕಟ್ಟಿ" ಎಂದು ಮಲಯಾಳದಲ್ಲಿ ಕೂಗಿ ಹೇಳಿದರು. ಹಾಯಿಕಂಬದ ಬುಡಕ್ಕೆ ಕಟ್ಟಿ, ಹಗ್ಗ ಉದ್ದ ಬಿಟ್ಟ ಮೇಲೆ ಸರಿಯಾಯಿತು. ಅವರ ಅರ್ಧ ದಿನದ ದುಡಿಮೆ ನಮ್ಮಿಂದ ಹೋಯಿತು. ಎಣ್ಣೆಯ ದುಡ್ಡು ಕೇಳದೆಯೇ ಕೊಡಬೇಕು.

ಮೂರನೇ ಸಲ ಅಲ್ಲೇ ಲಂಗರು ಹಾಕಿ ರಿಪೇರಿಗೆ ಕೂತೆವು. ಆಳ 5 ಮೀಟರ್, ಬಿಟ್ಟ ಹಗ್ಗ 35 ಮೀಟರ್. ಆಳದ ಏಳು ಪಟ್ಟು ಬಿಟ್ಟರೆ ಹಗ್ಗ ಓರೆಯಾಗಿ ಎಳೆಯುತ್ತದೆ, ಲಂಗರು ಮರಳಿನಲ್ಲಿ ಕಚ್ಚುತ್ತದೆ. ಫಿಲ್ಟರಿನ ಬಟ್ಟಲು ಬಿಚ್ಚಿ ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದೆ. ಮೇಲೆ ಪೆಟ್ರೋಲ್, ತಳದಲ್ಲಿ ಅರ್ಧ ಬೆರಳು ನೀರು. ನಡುವೆ ಗೆರೆ ಎಳೆದ ಹಾಗೆ ಸ್ಪಷ್ಟ. ಎರಡು ತಿಂಗಳಿನಿಂದ ಕ್ಯಾನಿನಲ್ಲೇ ಇದ್ದ ಪೆಟ್ರೋಲ್ ಅದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಹೀರುವುದು ಅದನ್ನೇ. ಬಟ್ಟಲು ಒರೆಸಿ, ಪ್ಲಗ್ ಬದಲಿಸಿ, ಇನ್ನೊಂದು ಕ್ಯಾನಿನಿಂದ ಹೊಸ ಪೆಟ್ರೋಲ್ ಕೊಟ್ಟ ಮೇಲೆ ನಾಲ್ಕನೇ ಎಳೆತಕ್ಕೆ ಹೊತ್ತಿತು. ಸ್ಪ್ಯಾನರಿಗೆ ದಾರ ಕಟ್ಟಿ ಕೈಗೆ ಸಿಕ್ಕಿಸಿಕೊಂಡಿದ್ದೆ. ಅಷ್ಟು ಓಲಾಡುವಾಗ ಅದಿಲ್ಲದಿದ್ದರೆ ಕಡಲಿಗೇ ಹೋಗುತ್ತಿತ್ತು. ಭಾವನಿಗೆ ವಾಂತಿ ಶುರುವಾಗಿತ್ತು, ಅದೊಂದು ಕಷ್ಟ.

ನಾಲ್ಕನೇ ಸಲವೂ ಮೊದಲು ಲಂಗರೇ ಹಾಕಿದೆವು. ಆದರೆ ಎಂಜಿನ್ ತಂಪಾಗಲು ನೀರು ಎಳೆಯುವ ಚಿಕ್ಕ ರಬ್ಬರ್ ಚಕ್ರ, ಇಂಪೆಲ್ಲರ್, ಹರಿದಿತ್ತು, ಬದಲಿಗೆ ಇನ್ನೊಂದು ಇರಲಿಲ್ಲ. ಆಗ ಭಾವ ಹೇಳಿದರು, "ಮನೆಗೆ ಹೋಗುವುದು ಬೇಡ, ಗಾಳಿ ಹೋಗುವ ಕಡೆ ಹೋಗುವ." ತೆಂಕಕ್ಕೆ ತಿರುಗಿಸಿದೆವು. ನೀಲೇಶ್ವರದ ಅಳಿತ್ತಲ ಅಳಿವೆ ಅಲ್ಲಿಂದ ಸುಮಾರು 11 ನಾಟಿಕಲ್ ಮೈಲು, ಮನೆಯ ದೂರದ ಎರಡು ಪಟ್ಟು. ಆದರೂ ಗಾಳಿ ಬೆನ್ನಿಗಿದ್ದು ಮೂರು ಗಂಟೆಯೊಳಗೆ, ಬೆಳಕಿರುವಾಗಲೇ, ಭರತದ ನೀರಿನ ಜೊತೆ ಒಳಗೆ ಹೋದೆವು. ದೋಣಿ ಕಟ್ಟಿ ರೈಲಿನಲ್ಲಿ ಕಾಸರಗೋಡಿಗೆ ಬಂದೆವು. ಇಂಪೆಲ್ಲರ್ ತಂದು ಹಾಕಿ ಮೂರನೇ ದಿನ ಬೆಳಕು ಹರಿಯುವ ಮೊದಲೇ ಹೊರಟೆವು. ನೆಲದ ಗಾಳಿ ಬಲಮಗ್ಗುಲಿಗೆ ಬಂತು. ಬೇಕಲ ದಾಟುವವರೆಗೆ ಎಂಜಿನ್ ಮುಟ್ಟಲಿಲ್ಲ. ಗಾಳಿ ಬಿದ್ದ ಮೇಲಷ್ಟೇ ಹೊತ್ತಿಸಿದೆವು.

ನನ್ನ ಮಟ್ಟಿಗೆ ಈ ನಾಲ್ಕನೆಯದೇ ಒಳ್ಳೆಯದು. ಇದಕ್ಕೆ ಎರಡು ದಿನ ಬೇಕು, ಮರುದಿನ ಕೆಲಸವಿದ್ದವರಿಗೆ ಆಗಲಿಕ್ಕಿಲ್ಲ. ಅಂಥವರಿಗೆ ಲಂಗರು ಮತ್ತು ಬಿಡಿಭಾಗದ ಡಬ್ಬ. ದಡದ ಅಲೆ ಹತ್ತಿರವಾಗಿ ಲಂಗರು ಜಾರುತ್ತಿದ್ದರೆ ಮಾತ್ರ ಕಾಯಬಾರದು. ಆಗ ಹತ್ತಿರದ ದೋಣಿಯನ್ನು ಕರೆಯಿರಿ, ಇಲ್ಲವೇ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ.

ಈಗ ನಾವು ಮಧ್ಯಾಹ್ನ 2 ಗಂಟೆಯನ್ನು ಗಡುವು ಇಟ್ಟುಕೊಂಡಿದ್ದೇವೆ. ಅಷ್ಟರಲ್ಲಿ ಎಂಜಿನ್ ಹೊತ್ತದಿದ್ದರೆ ತೆಂಕಕ್ಕೆ. ಹೊರಡುವಾಗಲೇ ಅಕ್ಕನಿಗೆ ಎರಡು ಜಾಗದ ಹೆಸರು ಹೇಳುತ್ತೇವೆ: ಕಾಸರಗೋಡು, ಇಲ್ಲದಿದ್ದರೆ ನೀಲೇಶ್ವರ. ಅವಳು ರೈಲಿನ ಟೈಮ್ ಬರೆದ ಚೀಟಿಯನ್ನು ಬುತ್ತಿಯ ಚೀಲದಲ್ಲೇ ಇಟ್ಟುಕೊಡುತ್ತಾಳೆ.