ಶಿಪ್ ಕ್ಯಾಮೆಲ್ 1:48 ಕಿಟ್: ಎರಡನೇ ಗನ್ ಎಲ್ಲಿ ಹೋಯ್ತು?

ಮೊದಲ ಮಹಾಯುದ್ಧದಲ್ಲಿ ಹಡಗಿನಿಂದ ಹಾರುತ್ತಿದ್ದ ಬ್ರಿಟಿಷ್ ಯುದ್ಧವಿಮಾನ ಶಿಪ್ ಕ್ಯಾಮೆಲ್‌ನ ಪುಟ್ಟ ಮಾದರಿ ಕಟ್ಟುವ ಕಿಟ್ ಇದು. ಬಾಕ್ಸ್ ಮೇಲೆ ಎನ್6812 ನಂಬರಿನ ವಿಮಾನದ ಚಿತ್ರ, ಗುರುತುಗಳನ್ನು ಅಂಟಿಸುವ ಡೆಕಾಲ್ ಹಾಳೆಯಲ್ಲಿ ಅದೇ ನಂಬರ್. ಒಳಗೆ ನೋಡಿದರೆ ಲೂಯಿಸ್ ಮೆಷಿನ್ ಗನ್ ಒಂದೇ. ಕಟ್ಟಿ ಮುಗಿಸಿ ಎಷ್ಟೋ ಕಾಲವಾಯಿತು, ಈ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಸಿಟ್ಟಿಗೆ ಕಾರಣವಿದೆ. 1918ರ ಆಗಸ್ಟ್ 11ರಂದು ಉತ್ತರ ಸಮುದ್ರದಲ್ಲಿ ರೆಡೌಟ್ ಎಂಬ ಬ್ರಿಟಿಷ್ ಯುದ್ಧನೌಕೆ ಒಂದು ಚಪ್ಪಟೆ ದೋಣಿಯನ್ನು ಎಳೆದುಕೊಂಡು ಜೋರಾಗಿ ಓಡುತ್ತಿತ್ತು. ಆ ದೋಣಿಯ ಮೇಲಿಂದ ಪೈಲಟ್ ಸ್ಟುವರ್ಟ್ ಕಲ್ಲಿ ಹಾರಿಸಿದ್ದು ಇದೇ ವಿಮಾನವನ್ನು. ಸುಮಾರು 18,000 ಅಡಿ ಏರಿದರೂ ಎಲ್53 ಎಂಬ ಜರ್ಮನ್ ವಾಯುನೌಕೆ (ಜೆಪ್ಪೆಲಿನ್) ಅವನಿಗಿಂತ ಮೇಲೇ ಇತ್ತು. ವಿಮಾನದ ಮೂಗು ಎತ್ತಿ ಕೆಳಗಿನಿಂದಲೇ ಗುಂಡು ಹಾರಿಸಿದ. ಒಂದು ಗನ್ ಸ್ವಲ್ಪ ಹೊತ್ತಿಗೇ ಜಾಮ್ ಆಯಿತು. ಕೆಲಸ ಮುಗಿಸಿದ್ದು ಪಕ್ಕದ ಗನ್. ಜೆಪ್ಪೆಲಿನ್ ಹೊತ್ತಿ ಉರಿದು ಬಿತ್ತು. ಮಾಮೂಲಿ ಶಿಪ್ ಕ್ಯಾಮೆಲ್‌ಗೆ ಮೂಗಿನ ಮೇಲೆ ಒಂದು ವಿಕರ್ಸ್ ಗನ್, ರೆಕ್ಕೆಯ ಮೇಲೆ ಒಂದು ಲೂಯಿಸ್. ಕಲ್ಲಿಯ ವಿಮಾನಕ್ಕೆ ರೆಕ್ಕೆಯ ಮೇಲೆ ಜೋಡಿ ಲೂಯಿಸ್. ಆ ಜೋಡಿಯೇ ಇಲ್ಲದ ಮೇಲೆ ಎನ್6812 ಅನ್ನೋದು ಬರೀ ನಂಬರ್, ಅಲ್ವಾ?

ಬಿಡಿಯಾಗಿ ಒಂದು ಗನ್ ನನಗೆ ಸಿಗಲಿಲ್ಲ. ರೆಸಿನ್‌ನಲ್ಲಿ ಎರಕ ಹೊಯ್ದ ಗನ್ ಜೋಡಿ ತರಿಸಿದೆ. ಶಿಪ್ಪಿಂಗ್ ಸೇರಿ ಕಿಟ್ ಬೆಲೆಯ ಮೂರನೇ ಒಂದು ಪಾಲು ಅದಕ್ಕೇ ಹೋಯಿತು. ತಿಂಗಳಿಗೆ ಇಷ್ಟೇ ಅಂತ ಎತ್ತಿಟ್ಟು ಕಿಟ್ ಕೊಳ್ಳುವ ನನ್ನಂಥವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಆ ಗನ್ ನೋಡಬೇಕು. ಗುಂಡು ತುಂಬುವ ಡ್ರಮ್ ಉಗುರಿಗಿಂತ ಚಿಕ್ಕದು, ಅದರ ಸುತ್ತಲೂ ಒಂದೊಂದು ಗೆರೆಯೂ ಕಾಣುತ್ತದೆ.

ಇಷ್ಟೆಲ್ಲ ಬೈದರೂ ಈ ಕಿಟ್ ಕೈಬಿಡಲು ಆಗದಂತೆ ಮಾಡಿದ್ದು ಅದರ ಬಾಲ. ಹಡಗಿನಲ್ಲಿ ಜಾಗ ಕಮ್ಮಿ. ಅದಕ್ಕೇ ವಿಮಾನ ತಯಾರಿಸಿದ ಸಾಪ್ವಿತ್‌ನವರು ನೆಲದ ಕ್ಯಾಮೆಲ್‌ನ ರೆಕ್ಕೆಯನ್ನು 28 ಅಡಿಯಿಂದ 27ರ ಒಳಗೆ ತಂದು, ಕಾಕ್‌ಪಿಟ್ ಹಿಂದಿನ ಭಾಗ ಬಿಚ್ಚಿ ಇಡುವಂತೆ ಮಾಡಿದರು. ಕಿಟ್‌ನಲ್ಲೂ ಅದು ಬೇರೆ ಭಾಗವಾಗಿಯೇ ಬರುತ್ತದೆ. ನಾನು ಅಂಟು ಹಾಕಲೇ ಇಲ್ಲ, ಎರಡು ಪುಟ್ಟ ಆಯಸ್ಕಾಂತ ಕೂರಿಸಿದೆ. ಬೆಳಗ್ಗೆ ಕಾಫಿ ಕುಡಿದು, ಮೆತ್ತನೆ ಬ್ರಷ್‌ನಲ್ಲಿ ರೆಕ್ಕೆಗಳ ನಡುವಿನ ಧೂಳು ತೆಗೆದು, ಬಾಲ ಬಿಚ್ಚಿ ಒಳಗಿನ ಚೌಕಟ್ಟು ನೋಡಿ ಮತ್ತೆ ಕೂಡಿಸುತ್ತೇನೆ. ಟಕ್ ಅಂತ ಕೂರುತ್ತದೆ. ಆಫೀಸಿಗೆ ಲೇಟಾದರೂ ಇದನ್ನು ಬಿಡುವುದಿಲ್ಲ. ರೆಕ್ಕೆಗಳ ನಡುವಿನ ತಂತಿಗಳಿಗಾಗಿ (ರಿಗಿಂಗ್) ಹಾಕಿದ ಎಲಾಸ್ಟಿಕ್ ದಾರವೂ ಮಳೆಗಾಲದ ತೇವಕ್ಕೆ ಜಗ್ಗಿಲ್ಲ.

ಡೆಕ್ ಮೇಲೆ ಇಳಿಯುವಾಗ ವಿಮಾನ ತಡೆಯುವ ಲ್ಯಾಂಡಿಂಗ್ ಹುಕ್ ಯಾಕಿಲ್ಲ ಅಂತ ಕೆಲವರು ಕೇಳುತ್ತಾರೆ. ಇದಕ್ಕೆ ಅದು ಬೇಕಿರಲಿಲ್ಲ. 1918ರ ಜುಲೈ 19ರಂದು ಫ್ಯೂರಿಯಸ್ ಹಡಗಿನಿಂದ ಏಳು ಕ್ಯಾಮೆಲ್‌ಗಳು ಹಾರಿ, ಜರ್ಮನ್ ನೆಲೆಯಾದ ಟೋಂಡರ್ನ್‌ನಲ್ಲಿ ಎಲ್54, ಎಲ್60 ಜೆಪ್ಪೆಲಿನ್‌ಗಳನ್ನು ಶೆಡ್ಡಿನಲ್ಲೇ ಸುಟ್ಟವು. ಒಂದೂ ಡೆಕ್ ಮೇಲೆ ವಾಪಸ್ ಇಳಿಯಲಿಲ್ಲ. ಕೆಲವರು ಹಡಗಿನ ಹತ್ತಿರ ನೀರಿಗೇ ಇಳಿಸಿದರು, ಕೆಲವರು ಡೆನ್ಮಾರ್ಕಿಗೆ ಹೋದರು, ಒಬ್ಬ ಸಮುದ್ರದ ಪಾಲಾದ. ಹಾರಲು ಹಡಗು ಸಿಕ್ಕಿತ್ತು, ಇಳಿಯಲು ಸಿಕ್ಕಿರಲಿಲ್ಲ. ಉದ್ದಕ್ಕೂ ಖಾಲಿ ಡೆಕ್ ಇದ್ದ ಆರ್ಗಸ್ ಹಡಗು ನೌಕಾಪಡೆಗೆ ಸೇರಿದ್ದು ಆ ಸೆಪ್ಟೆಂಬರಿನಲ್ಲಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಲ್ಲಿಯ ವಿಮಾನವೇ ಬೇಕು ಅನ್ನುವವರು ಗನ್ ಜೋಡಿಯ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಮಾಮೂಲಿ ಶಿಪ್ ಕ್ಯಾಮೆಲ್ ಸಾಕು ಅನ್ನುವವರು ಧೈರ್ಯವಾಗಿ ತಗೊಳ್ಳಿ. ಅದಕ್ಕೆ ಬಾಕ್ಸಿನಲ್ಲಿರುವ ಒಂದು ಲೂಯಿಸ್ ಸರಿಯಾಗಿಯೇ ಇದೆ.